ಅಕ್ಕಿಯ ಪಟ್ಟಿ

ಬುಧವಾರ ಸಂಜೆ ಆರೂವರೆ. ಜೆಪ್ಪುವಿನಲ್ಲಿ
ಚರ್ಚಿನ ಹಿಂದಿನ ಕೋಣೆ. ಹನ್ನೊಂದು ಕುರ್ಚಿ,
ಒಂದರ ಕಾಲಿಗೆ ಹೆಂಚಿನ ಚೂರು ಕೊಟ್ಟಿದೆ.
ಫಿಲೆಮೋನ ಮಾಸ್ತರರು ಗೋಡೆಗೆ ನಕ್ಷೆ ಅಂಟಿಸುತ್ತಾರೆ:
ಯೆರೂಸಲೇಮ್, ಅಂತಿಯೋಕ್ಯ, ಕೊರಿಂಥ.
ಫ್ಯಾನು ಹಾಕಿದರೆ ಸಮುದ್ರವೇ ಮೇಲೇಳುತ್ತದೆ,
ಹಾಕದಿದ್ದರೆ ನಾವು ಬೇಯುತ್ತೇವೆ.
ಒಂದು ಮೂಲೆಯನ್ನು ನಾನೇ ಹಿಡಿದು ನಿಂತೆ,
ರೋಮ್ ನನ್ನ ಹೆಬ್ಬೆರಳ ಕೆಳಗೆ.

ಆ ಮೊದಲ ಸಭೆಗೆ, ಅಂದರು ಮಾಸ್ತರರು,
ಗೋಪುರವಿಲ್ಲ, ಗಂಟೆಯಿಲ್ಲ, ಸಮಿತಿಗೆ ಚುನಾವಣೆಯಿಲ್ಲ
(ಇಲ್ಲಿ ಕಾರ್ಯದರ್ಶಿ ಬೆನೋನಿ ಕೆಮ್ಮಿದರು).
ಯಾರದೋ ಮಹಡಿ, ಯಾರದೋ ರೊಟ್ಟಿ,
ಹೊಲ ಮಾರಿದ ದುಡ್ಡು ಎಲ್ಲರ ನಡುವೆ.
ನಾವೂ ಹಾಗಿದ್ದಿದ್ದರೆ!
ಯೂನೀಕೆ ಟೀಚರು ನಿಟ್ಟುಸಿರಿಟ್ಟರು.
ಅವರ ಹತ್ತು ಸೆಂಟ್ಸ್ ಜಾಗದ ತಕರಾರು
ಅಣ್ಣನೊಡನೆ ಕೋರ್ಟಿನಲ್ಲಿದೆ, ಇಪ್ಪತ್ತು ವರ್ಷದಿಂದ.
ನಾನೂ ನಿಟ್ಟುಸಿರಿಟ್ಟೆ. ಅದಕ್ಕೆ ಖರ್ಚಿಲ್ಲ.

ಹೀಗೆ ಎರಡು ತಿಂಗಳು
ಬೆಂಕಿಯ ನಾಲಗೆಗಳನ್ನು ಓದಿದೆವು,
ಸೆರೆಮನೆಯ ಬಾಗಿಲು ತೆರೆದದ್ದನ್ನು,
ಪೆಟ್ಟು ತಿಂದವರು ನಗುತ್ತ ಮನೆಗೆ ಹೋದದ್ದನ್ನು.
ಪ್ರತಿ ವಾರ ಚಹಾ, ನೀರುಳ್ಳಿ ಬಜೆ,
ಪ್ರತಿ ವಾರ ನಮ್ಮ ಕಾಲ ಕೆಟ್ಟಿತೆಂಬ ತೀರ್ಮಾನ.

ಆಮೇಲೆ ಬಂತು ಆ ಸಣ್ಣ ಭಾಗ,
ಹಬ್ಬದ ದಿನ ಯಾರೂ ಪ್ರಸಂಗಕ್ಕೆ ಎತ್ತಿಕೊಳ್ಳದ ಭಾಗ:
ದಿನದಿನದ ಹಂಚಿಕೆಯಲ್ಲಿ
ಬೇರೆ ಮಾತಿನ ವಿಧವೆಯರು ತಪ್ಪಿಹೋಗುತ್ತಿದ್ದರು.
ಗೊಣಗು ಎದ್ದಿತು.

ಮಾಸ್ತರರು ಕನ್ನಡಕ ತೆಗೆದರು.
"ಬೆಂಕಿ ಇಳಿದ ಮನೆಯಲ್ಲೇ ನೋಡಿ,
ಒಬ್ಬಳ ತಟ್ಟೆ ಖಾಲಿ.
ಯಾರೂ ಬೇಕೆಂದು ಮಾಡಿದ್ದಲ್ಲ.
ಬಡಿಸುವವನ ಬಾಯಿಗೆ ಅವಳ ಹೆಸರು ಬರುತ್ತಿರಲಿಲ್ಲ,
ಅಷ್ಟೇ ಇರಬಹುದು."

ನನ್ನ ಹೆಬ್ಬೆರಳು ರೋಮಿನಿಂದ ಜಾರಿತು.

ಯಾಕೆಂದರೆ ಪಟ್ಟಿ ನನ್ನದು.
ಹದಿನಾಲ್ಕು ವರ್ಷದಿಂದ ಸ್ತ್ರೀಕೂಟದ ನೀಲಿ ರಟ್ಟಿನ ಪುಸ್ತಕ,
ತಿಂಗಳ ಮೊದಲ ಶನಿವಾರ ತಲಾ ಐದು ಕಿಲೋ ಕುಚ್ಚಲಕ್ಕಿ:
ದೊರ್ಕಾಬಾಯಿ, ಸುಗುಣಾ ಸೋನ್ಸ್, ಕೆರೆಮೂಲೆಯ ರಾಹೇಲಮ್ಮ,
ಹೆಬ್ಬೆಟ್ಟು, ಹೆಬ್ಬೆಟ್ಟು, ನಡುಗುವ ಸಹಿ.
ಒಂದು ಕಾಳು ತಪ್ಪಿಲ್ಲ. ಆಡಿಟಿನವರು ಮೆಚ್ಚಿದ್ದಾರೆ.

ಆರಾಧನೆಗೆ ಬಂದು ಹಿಂದಿನ ಬೆಂಚಿನಲ್ಲಿ,
ಚಪ್ಪಲಿಗಳ ಪಕ್ಕ, ಕೂರುವವಳೊಬ್ಬಳು.
ದಕ್ಕೆಯಲ್ಲಿ ಮೀನು ವಿಂಗಡಿಸುತ್ತಾಳೆ. ಜಾರ್ಖಂಡಿನವಳಂತೆ.
ಬೋಟಿಗೆ ಹೋದ ಗಂಡ ಕಳೆದ ಆಗಸ್ಟಿನಲ್ಲಿ
ಅಳಿವೆಬಾಗಿಲಲ್ಲಿ ಸಿಕ್ಕಿದ, ಎರಡು ದಿನ ಬಿಟ್ಟು.
ಮಣ್ಣಿಗೆ ನಾವೇ ಹೋಗಿದ್ದೆವು. ಹಾಡಿದ್ದೆವು.
ಅವಳು ತನ್ನ ಮಾತಿನಲ್ಲಿ ಅತ್ತಳು, ಅಳು ನಮಗೆ ಅರ್ಥವಾಯಿತು.
ಪಟ್ಟಿಗೆ ಬೇಕಾದದ್ದು ಬೇರೆ:
ಸದಸ್ಯತ್ವದ ಸಂಖ್ಯೆ, ವಂತಿಗೆಯ ರಶೀದಿ, ಊರ ಪಾದ್ರಿಯ ಪತ್ರ.
ಕೇಳಲು ನನ್ನಲ್ಲಿ ಹಿಂದಿ ಇರಲಿಲ್ಲ.
ಹೆಸರನ್ನೂ ಕೇಳಲಿಲ್ಲ.
ಬೋಟಿನವನ ಹೆಂಡತಿ ಅನ್ನುತ್ತಿದ್ದೆವು,
ಪ್ರೀತಿಯಿಂದಲೇ.

ಭಾನುವಾರ ಆರಾಧನೆ ಬಿಟ್ಟ ಮೇಲೆ ಹತ್ತಿರ ಹೋದೆ.
ಎದೆ ಮುಟ್ಟಿಕೊಂಡು, ಲುವೀಜಾ, ಅಂದೆ.
ಅವಳೂ ಎದೆ ಮುಟ್ಟಿಕೊಂಡಳು: ಬಹಾಲೆನ್. ಬಹಾಲೆನ್ ಟೋಪ್ನೊ.
ಪುಸ್ತಕ ಬಿಡಿಸಿದೆ, ರೂಢಿಯಂತೆ
ಸ್ಟ್ಯಾಂಪ್ ಪ್ಯಾಡ್ ಮುಂದೆ ಸರಿಸಿದೆ.
ಅವಳು ನಕ್ಕಳು. ಪೆನ್ನು ಬೇಕೆಂದು ಕೈ ಚಾಚಿದಳು.
ನಾಗರಿಯಲ್ಲಿ ಬರೆದಳು, ತಲೆಗೆರೆ ಎಳೆದು, ನೆಟ್ಟಗೆ.
ಇಡೀ ಪುಸ್ತಕದಲ್ಲಿ ಅಷ್ಟು ಚಂದದ ಸಹಿ ಇನ್ನೊಂದಿಲ್ಲ,
ನನ್ನದನ್ನೂ ಸೇರಿಸಿ.
ಆಮೇಲೆ ದಕ್ಕೆಯ ಕಡೆ ಮುಖ ತಿರುಗಿಸಿ
ಎರಡು ಬೆರಳು ಎತ್ತಿದಳು:
ಇನ್ನೂ ಇಬ್ಬರು.

ಹದಿನೈದು ಕಿಲೋ ಕಡಿಮೆ ಬೀಳುತ್ತದೆ.
ನಿಯಮದಲ್ಲಿ ಇಲ್ಲ ಎನ್ನುತ್ತಾರೆ ಬೆನೋನಿ; ಅದೂ ನಿಜ.
ನಾಳೆ ಸಮಿತಿಯ ಮುಂದೆ ನಾನು ಗೊಣಗಬೇಕು,
ಅಭ್ಯಾಸವಿಲ್ಲ, ಕನ್ನಡಿಯ ಮುಂದೆ ಹೇಳಿ ನೋಡಿದೆ.

ಈ ಬುಧವಾರ ಮಾಸ್ತರರು ಅಂತಿಯೋಕ್ಯಕ್ಕೆ ಹೊರಡುತ್ತಾರಂತೆ.
ಹೋಗಿ ಬರಲಿ.
ನಾನಿನ್ನೂ ಆ ಸಣ್ಣ ಭಾಗದಲ್ಲೇ ಇದ್ದೇನೆ,
ಗೋಣಿಯ ದಾರದ ತುದಿ ಹುಡುಕುತ್ತ.